ಲಸಿಕೆಯ ನಂತರ ಭುಜ ಹಿಡಿದುಕೊಂಡರೆ: ಅಮೆರಿಕದಲ್ಲಿ ಪರಿಹಾರ ಕೇಳುವುದು ಹೇಗೆ?

ಫ್ಲೂ ಶಾಟ್ ತಗೊಂಡ ಮೇಲೆ ಒಂದೆರಡು ದಿನ ರಟ್ಟೆ ನೋಯುವುದು ಮಾಮೂಲು. ಆದರೆ ವಾರಗಳು ಕಳೆದರೂ ಕೈ ಮೇಲೆತ್ತಲು ಆಗದಿದ್ದರೆ, ತಲೆ ಬಾಚಲು, ಸೀಟ್ ಬೆಲ್ಟ್ ಎಳೆದುಕೊಳ್ಳಲು ಇನ್ನೊಂದು ಕೈಯೇ ಬೇಕಾದರೆ ಅದು ಮಾಮೂಲಲ್ಲ. ರಟ್ಟೆಯ ದಪ್ಪ ಸ್ನಾಯುವಿಗೆ ಹೋಗಬೇಕಾದ ಸೂಜಿ ತೀರಾ ಮೇಲೆ ಚುಚ್ಚಿದಾಗ, ಮದ್ದು ಭುಜದ ಕೀಲಿನ ಪಕ್ಕದ ಮೆತ್ತನೆಯ ಚೀಲಕ್ಕೆ ಇಳಿದು ಊತ, ನೋವು ಶುರುವಾಗಬಹುದು. ಅಮೆರಿಕದಲ್ಲಿ ಇದನ್ನು 'ಸಿರ್ವಾ' ಎನ್ನುತ್ತಾರೆ. ಇಲ್ಲಿ ಎಡವಟ್ಟಾಗಿರುವುದು ಚುಚ್ಚಿದ ಜಾಗದಲ್ಲಿ. ಹಾಗಾಗಿ ಲಸಿಕೆಗೇ ಹೆದರಬೇಕಾಗಿಲ್ಲ.

ಅಲ್ಲಿ 1986ರ ಕಾನೂನಿನಂತೆ 1988ರಿಂದ ಒಂದು ಪರಿಹಾರ ಯೋಜನೆ ನಡೆಯುತ್ತಿದೆ. ಒಂದು ಡೋಸ್ ಎಷ್ಟು ರೋಗ ತಡೆಯುತ್ತದೋ ಅಷ್ಟು ರೋಗಕ್ಕೆ ತಲಾ 75 ಸೆಂಟ್ ತೆರಿಗೆ ಹಾಕಿ ಅದರ ನಿಧಿ ಕೂಡಿಸುತ್ತಾರೆ. ಪರಿಹಾರ ಸಿಗುವ ತೊಂದರೆಗಳದ್ದೊಂದು ಪಟ್ಟಿ ಇದರಲ್ಲಿದೆ, ಭುಜದ ಗಾಯ 2017ರ ಮಾರ್ಚ್‌ನಲ್ಲಿ ಅದಕ್ಕೆ ಸೇರಿತು. ಪಟ್ಟಿಯ ಷರತ್ತುಗಳು ಹೊಂದಿದರೆ, ಲಸಿಕೆಯಿಂದಲೇ ಹೀಗಾಯಿತು ಎಂದು ನೀವು ಬೇರೆಯಾಗಿ ಸಾಬೀತು ಮಾಡಬೇಕಿಲ್ಲ.

ಮೊದಲು, ನಿಮಗೆ ಅನ್ವಯಿಸುತ್ತದೆಯೇ ನೋಡಿ. ಆ ಭುಜದಲ್ಲಿ ಮೊದಲೇ ತೊಂದರೆ ಇರಬಾರದು. ನೋವು 48 ಗಂಟೆಯೊಳಗೆ ಶುರುವಾಗಿರಬೇಕು, ಚುಚ್ಚಿಸಿಕೊಂಡ ಭುಜಕ್ಕಷ್ಟೇ ಸೀಮಿತವಾಗಿರಬೇಕು. ಬೇರೆ ಕಾರಣ ಇರಬಾರದು. ಸಕ್ಕರೆ ಕಾಯಿಲೆ ಇರುವವರಿಗೆ ಸುಮ್ನೆಯೂ ಭುಜ ಬಿಗಿಯುವುದುಂಟು, ಆದ್ದರಿಂದ ಅಂಥವರಿಗೆ ಪ್ರಶ್ನೆಗಳು ಜಾಸ್ತಿ ಬರಬಹುದು. ತೊಂದರೆ ಆರು ತಿಂಗಳು ಮೀರಿರಬೇಕು, ಇಲ್ಲವೇ ಆಸ್ಪತ್ರೆ ಸೇರಿ ಆಪರೇಷನ್ ಮಾಡಿಸಿಕೊಂಡಿರಬೇಕು. ನೋವು ಶುರುವಾದ ದಿನದಿಂದ ಮೂರು ವರ್ಷದೊಳಗೆ ಅರ್ಜಿ ಹಾಕಬೇಕು.

ಅಮೆರಿಕದ ಪ್ರಜೆಯೇ ಆಗಿರಬೇಕೆಂದಿಲ್ಲ. ಮಗಳ ಬಾಣಂತನಕ್ಕೆಂದು ವಿಸಿಟರ್ ವೀಸಾದಲ್ಲಿ ಹೋದ ಅಮ್ಮ ಅಲ್ಲಿನ ಫಾರ್ಮಸಿಯಲ್ಲಿ ಫ್ಲೂ ಶಾಟ್ ತಗೊಂಡಿದ್ದರೆ ಅವರೂ ಕೇಳಬಹುದು. ಇದು ಬಹಳ ಜನರಿಗೆ ಗೊತ್ತೇ ಇಲ್ಲ.

ಎರಡನೆಯದು, ಬೇಗ ಡಾಕ್ಟರ ಬಳಿ ಹೋಗಿ. ನನ್ನನ್ನು ಕೇಳಿದರೆ ಅರ್ಧ ಕೇಸು ನಿಲ್ಲುವುದು, ಬೀಳುವುದು ಇಲ್ಲೇ. ನಮ್ಮವರ ಅಭ್ಯಾಸ ಗೊತ್ತಲ್ವಾ? "ಇರಲಿ ಬಿಡು, ಸರಿ ಹೋಗುತ್ತೆ" ಅಂತ ಎಣ್ಣೆ ಹಚ್ಚಿ, ಬಿಸಿನೀರು ಕಾಸಿಕೊಂಡು ಮೂರು ತಿಂಗಳು ದೂಡುತ್ತೇವೆ. ಕೊನೆಗೆ ಡಾಕ್ಟರು ಎಷ್ಟು ದಿನದಿಂದ ಎಂದಾಗ "ಒಂದು ತಿಂಗಳಾಯ್ತೇನೋ" ಅಂದುಬಿಡುತ್ತೇವೆ. ಅವರು ಹಾಗೇ ಬರೆದುಕೊಳ್ಳುತ್ತಾರೆ. ಲಸಿಕೆ ಹಾಕಿಸಿ ಮೂರು ತಿಂಗಳು, ನೋವು ಒಂದು ತಿಂಗಳಿಂದ: ಆ ಒಂದೇ ಸಾಲು 48 ಗಂಟೆಯ ಷರತ್ತಿಗೆ ಅಡ್ಡ ಬರುತ್ತದೆ. ಆಮೇಲೆ ಎಷ್ಟು ವಿವರಿಸಿದರೂ ಕಷ್ಟ.

ಆದ್ದರಿಂದ ಮೊದಲ ಭೇಟಿಯಲ್ಲೇ ಮೂರು ಮಾತು ಬಿಡಿಸಿ ಹೇಳಿ: ಯಾವ ದಿನ ಯಾವ ಲಸಿಕೆ, ಯಾವ ಕೈ, ನೋವು ಎಷ್ಟು ಹೊತ್ತಿಗೆ ಶುರುವಾಯಿತು. ಬರೆದುಕೊಂಡಿದ್ದಾರಾ ಎಂದು ಪೋರ್ಟಲ್‌ನಲ್ಲಿ, ಅಂದರೆ ನಿಮ್ಮ ದಾಖಲೆ ಕಾಣುವ ಆಸ್ಪತ್ರೆಯ ವೆಬ್‌ಸೈಟ್‌ನಲ್ಲಿ, ನೋಡಿ. ಎಂಆರ್‌ಐ, ಫಿಸಿಯೋಥೆರಪಿ ಹೇಳಿದರೆ ಮಧ್ಯದಲ್ಲಿ ಬಿಡಬೇಡಿ. ಮೊದಲು ಗುಣವಾಗಬೇಕಲ್ಲ, ದಾಖಲೆಯೂ ಅದರಿಂದಲೇ ಬೆಳೆಯುತ್ತದೆ.

ಮೂರನೆಯದು, ಕಾಗದಪತ್ರ. ಲಸಿಕೆ ಕೊಟ್ಟ ಕಡೆಯಿಂದ ದಾಖಲೆ ತರಿಸಿ, ಯಾವ ಕೈ ಎಂದು ನಮೂದಾಗಿದೆ ನೋಡಿ. ಬಲಗೈಗೆ ಚುಚ್ಚಿ ಎಡ ಎಂದು ಬರೆದಿರುವುದುಂಟು. ಲಸಿಕೆಗೆ ಹಿಂದಿನ ಮೂರು ವರ್ಷದ ವೈದ್ಯಕೀಯ ದಾಖಲೆಗಳನ್ನೂ ಕೂಡಿಸಿಡಿ, ಭುಜ ಮೊದಲು ಚೆನ್ನಾಗಿತ್ತು ಎಂದು ತೋರಿಸಬೇಕಾಗುತ್ತದೆ. ಸಂಬಳ ಕಳೆದುಕೊಂಡಿದ್ದರೆ ಪೇ ಸ್ಲಿಪ್‌ಗಳೂ ಬೇಕು.

ನಾಲ್ಕನೆಯದು, ವಕೀಲರು. ಫೀಸಿಗೆ ಹೆದರಬೇಡಿ. ಲಸಿಕೆ ಪ್ರಕರಣ ನಡೆಸುವ ವಕೀಲರಿಗೆ ಯೋಜನೆಯೇ ಹಣ ಕೊಡುತ್ತದೆ, ನಿಮ್ಮ ಪರಿಹಾರದಲ್ಲಿ ಅವರು ಪಾಲು ಕೇಳುವಂತಿಲ್ಲ. ಪ್ರಾಮಾಣಿಕವಾಗಿ, ಆಧಾರ ಇಟ್ಟುಕೊಂಡು ಹಾಕಿದ ಅರ್ಜಿ ಸೋತರೂ ಅವರ ಫೀಸು ಸಾಮಾನ್ಯವಾಗಿ ಸಿಗುತ್ತದೆ.

ಅರ್ಜಿ ಹೋಗುವುದು ವಾಷಿಂಗ್ಟನ್‌ನ ಫೆಡರಲ್ ಕ್ಲೇಮ್ಸ್ ಕೋರ್ಟಿಗೆ. ಎದುರಾಳಿ ಫಾರ್ಮಸಿಯವರಲ್ಲ, ಕೇಂದ್ರ ಆರೋಗ್ಯ ಇಲಾಖೆ. ಅವರ ವೈದ್ಯರು ದಾಖಲೆ ಓದಿ ಒಪ್ಪಬಹುದು, ತಕರಾರು ತೆಗೆಯಬಹುದು. ಎಷ್ಟೋ ಪ್ರಕರಣ ಮಾತುಕತೆಯಲ್ಲೇ ಮುಗಿಯುತ್ತವೆ, ಉಳಿದವನ್ನು 'ಸ್ಪೆಷಲ್ ಮಾಸ್ಟರ್' ಎಂಬ ಆ ಕೋರ್ಟಿನ ತೀರ್ಪುಗಾರರು ತೀರ್ಮಾನಿಸುತ್ತಾರೆ. ತಾಳ್ಮೆ ಬೇಕು, ವರ್ಷಗಳೇ ಹಿಡಿಯಬಹುದು. ನೋವು, ಸಂಕಟಕ್ಕೆ ಹೆಚ್ಚೆಂದರೆ 2,50,000 ಡಾಲರ್. ಚಿಕಿತ್ಸೆಯ ಖರ್ಚು, ಕಳೆದುಹೋದ ಸಂಬಳ ಬೇರೆ.

ಎಲ್ಲ ಲಸಿಕೆಯೂ ಇದರಲ್ಲಿಲ್ಲ. ಫ್ಲೂ, ಟೆಟನಸ್, ಹೆಪಟೈಟಿಸ್ ಬಿ ಸೇರಿವೆ. ಸರ್ಪಸುತ್ತಿನ ಲಸಿಕೆ ಇಲ್ಲ. ಕೋವಿಡ್ ಲಸಿಕೆಗೆ ಬೇರೆಯೇ ಯೋಜನೆ: ಲಸಿಕೆ ಪಡೆದ ಒಂದೇ ವರ್ಷದೊಳಗೆ ಅರ್ಜಿ, ನೋವಿಗೆ ಪರಿಹಾರವಿಲ್ಲ, ವಕೀಲರ ಫೀಸೂ ಇಲ್ಲ. ಇದು ನ್ಯಾಯವಲ್ಲ ಅಂತಲೇ ನನಗನ್ನಿಸುತ್ತದೆ. ಭುಜದ ನೋವು ಯಾವ ಲಸಿಕೆಯಿಂದ ಬಂದರೂ ಒಂದೇ.

ಇನ್ನೊಂದು ವಿಷಯ. ತೀರ್ಪುಗಳು ಕೋರ್ಟಿನ ವೆಬ್‌ಸೈಟ್‌ನಲ್ಲಿ ಎಲ್ಲರಿಗೂ ಕಾಣುತ್ತವೆ. ನಿಮ್ಮ ಆರೋಗ್ಯದ ಖಾಸಗಿ ವಿವರ ಮುಚ್ಚಿಡಬೇಕೆಂದಿದ್ದರೆ ತೀರ್ಪು ಬಂದ 14 ದಿನದೊಳಗೆ ಕೇಳಿಕೊಳ್ಳಬೇಕು, ವಕೀಲರಿಗೆ ಮೊದಲೇ ಹೇಳಿಡಿ.