ಏಳೂವರೆ ಮೀಟರ್ ಉದ್ದದ ರೋಹಿತ: ನನ್ನ ತರಗತಿಯ ಅನುಭವ

ದ್ವಿತೀಯ ಪಿಯುಸಿ ಭೌತಶಾಸ್ತ್ರದಲ್ಲಿ ವಿದ್ಯುತ್ಕಾಂತೀಯ ಅಲೆಗಳ ಅಧ್ಯಾಯ ಚಿಕ್ಕದು. ರೇಡಿಯೊ ಅಲೆಯಿಂದ ಗಾಮಾ ಕಿರಣದವರೆಗಿನ ರೋಹಿತದ (ಅಲೆಗಳ ಸಾಲಿನ) ಏಳು ಹೆಸರುಗಳನ್ನು ಕೋಷ್ಟಕವಾಗಿ ಬರೆಸಿ, ಒಂದೊಂದಕ್ಕೆ ಎರಡೆರಡು ಉಪಯೋಗಗಳನ್ನು ಬಾಯಿಪಾಠ ಮಾಡಿಸಿ ಮುಂದಿನ ಅಧ್ಯಾಯಕ್ಕೆ ಹೋಗುವುದು ರೂಢಿಯಾಗಿದೆ. ಹಾಗೆ ಕಲಿತವರು ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಬರೆಯುತ್ತಾರೆ. ಆದರೆ ಆ ಏಳೂ ಒಂದೇ ಬಗೆಯ ಅಲೆಗಳೆಂಬುದು, ನಿರ್ವಾತದಲ್ಲಿ ಎಲ್ಲವೂ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ವೇಗದಲ್ಲೇ ಸಾಗುತ್ತವೆಂಬುದು, ತರಂಗಾಂತರವೊಂದೇ, ಅಂದರೆ ಅಲೆಯ ಒಂದು ಶಿಖರದಿಂದ ಮುಂದಿನ ಶಿಖರಕ್ಕಿರುವ ದೂರವೊಂದೇ, ಅವುಗಳನ್ನು ಬೇರ್ಪಡಿಸುತ್ತದೆಂಬುದು ಅವರ ಮನಸ್ಸಿಗೆ ಇಳಿದಿರುವುದಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ಪದವಿಪೂರ್ವ ಕಾಲೇಜೊಂದರಲ್ಲಿ ಪಾಠ ಮಾಡುವ ನಾನು ಈ ಕಾರಣದಿಂದ ಕೋಷ್ಟಕವನ್ನು ಬದಿಗಿಟ್ಟು, ಗೋಡೆಯ ಮೇಲೆ ಗೆರೆಯೊಂದನ್ನು ಎಳೆಯುವುದರಿಂದ ಪಾಠವನ್ನು ಆರಂಭಿಸುತ್ತೇನೆ.

ಕಾರಿಡಾರಿನ ಗೋಡೆಗೆ ಏಳೂವರೆ ಮೀಟರ್ ಉದ್ದದ ಕಾಗದದ ಪಟ್ಟಿಯನ್ನು ಅಂಟಿಸುತ್ತೇವೆ. ಎಡತುದಿಯಲ್ಲಿ ಒಂದು ಕಿಲೋಮೀಟರ್ ತರಂಗಾಂತರ, ಬಲತುದಿಯಲ್ಲಿ ಒಂದು ಪಿಕೋಮೀಟರ್ (ಮೀಟರಿನ ಲಕ್ಷ ಕೋಟಿಯಲ್ಲೊಂದು ಪಾಲು). ಪ್ರತಿ 50 ಸೆಂಟಿಮೀಟರಿಗೆ ತರಂಗಾಂತರ ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಈ ಪಟ್ಟಿಯ ಮೇಲೆ ಯಾವ ಹೆಸರನ್ನೂ ನಾನು ಮೊದಲೇ ಬರೆಯುವುದಿಲ್ಲ. ಮಕ್ಕಳು ಲೆಕ್ಕ ಮಾಡಿ ತಂದ ಸಂಖ್ಯೆಗಳಿಗೆ ಮಾತ್ರ ಅಲ್ಲಿ ಜಾಗ.

ಮೊದಲ ಲೆಕ್ಕ ಬೆಂಗಳೂರು ಆಕಾಶವಾಣಿಯದು. ಮಧ್ಯಮ ತರಂಗದಲ್ಲಿ ಅದು 612 ಕಿಲೋಹರ್ಟ್ಸ್. ಬೆಳಕಿನ ವೇಗವನ್ನು ಆವೃತ್ತಿಯಿಂದ (ಸೆಕೆಂಡಿಗೆ ಎಷ್ಟು ಅಲೆಗಳೆಂಬ ಸಂಖ್ಯೆಯಿಂದ) ಭಾಗಿಸಿದರೆ ತರಂಗಾಂತರ ಸುಮಾರು 490 ಮೀಟರ್ ಬರುತ್ತದೆ. ವಿವಿಧ ಭಾರತಿಯ 102.9 ಮೆಗಾಹರ್ಟ್ಸ್ ಎಫ್‌ಎಂ ಅಲೆಯದು ಮೂರು ಮೀಟರಿಗೂ ತುಸು ಕಡಿಮೆ. ನಮ್ಮ ಜಿಲ್ಲೆಯಲ್ಲೇ ಇರುವ ಗೌರಿಬಿದನೂರಿನ ರೇಡಿಯೊ ದೂರದರ್ಶಕವು ಆಕಾಶದಿಂದ ಬರುವ 34.5 ಮೆಗಾಹರ್ಟ್ಸ್ ಅಲೆಗಳನ್ನು ಗ್ರಹಿಸಲು ನಿರ್ಮಿತವಾದುದು. ಅವುಗಳ ತರಂಗಾಂತರ ಸುಮಾರು 8.7 ಮೀಟರ್. ಅಷ್ಟು ದೊಡ್ಡ ಅಲೆಗೆ ಕನ್ನಡಿಯ ಬದಲು ಬಯಲಿನ ಉದ್ದಕ್ಕೂ ನೆಟ್ಟ ಆಂಟೆನಾಗಳ ಸಾಲು ಏಕೆ ಬೇಕೆಂಬುದು ಸಂಖ್ಯೆಯನ್ನು ಪಟ್ಟಿಯ ಮೇಲೆ ಗುರುತಿಸಿದಾಗಲೇ ಸ್ಪಷ್ಟವಾಗುತ್ತದೆ. ಬೆಟ್ಟದ ಮರೆಯ ಹಳ್ಳಿಗಳಿಂದ ಬರುವ ಮಕ್ಕಳಿಗೆ ಮಧ್ಯಮ ತರಂಗವನ್ನೂ ಎಫ್‌ಎಂ ಅನ್ನೂ ಮನೆಯಲ್ಲಿ ಹೋಲಿಸಿ ಕೇಳಲು ಹೇಳುತ್ತೇನೆ; ಉದ್ದ ಅಲೆ ಅಡ್ಡಿಯನ್ನು ಹೆಚ್ಚು ಸುಲಭವಾಗಿ ಬಳಸಿ ಬಾಗುತ್ತದೆಂಬ ವಿವರ್ತನೆಯ ಪಾಠ ಅಲ್ಲೇ ಆರಂಭವಾಗುತ್ತದೆ. ಮೈಕ್ರೋವೇವ್ ಒಲೆಯ 12.2 ಸೆಂಟಿಮೀಟರ್ ಅಲೆ ಎಡತುದಿಯಿಂದ ಸುಮಾರು ಎರಡು ಮೀಟರ್ ದೂರದಲ್ಲಿ ಬರುತ್ತದೆ. ಆಮೇಲೆ ಪಟ್ಟಿ ಬಹಳ ದೂರ ಖಾಲಿಯಾಗಿರುತ್ತದೆ. ಕಣ್ಣಿಗೆ ಕಾಣುವ 700ರಿಂದ 400 ನ್ಯಾನೋಮೀಟರಿನ (ನ್ಯಾನೋಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲೊಂದು ಪಾಲು) ಭಾಗಕ್ಕೆ ಸಿಗುವುದು ಕೇವಲ 12 ಸೆಂಟಿಮೀಟರ್ ಎಂದು ಅಳೆದು ನೋಡಿದಾಗ ತರಗತಿ ಮೌನವಾಗುತ್ತದೆ. ಯಾವ ಕೋಷ್ಟಕವೂ ಈ ಪ್ರಮಾಣವನ್ನು ತೋರಿಸಲಾರದು.

ಟಿವಿ ರಿಮೋಟಿನ ಸುಮಾರು 940 ನ್ಯಾನೋಮೀಟರ್ ಅಲೆ ಕೆಂಪಿನ ಅಂಚಿನಿಂದ ಆರೇಳು ಸೆಂಟಿಮೀಟರ್ ಈಚೆಗೆ ಬೀಳುತ್ತದೆ. ಅನೇಕ ಮೊಬೈಲುಗಳ ಮುಂಬದಿ ಕ್ಯಾಮೆರಾದಲ್ಲಿ ಅದರ ಮಿನುಗು ಕಾಣುತ್ತದೆ. ಟಿವಿಗೆ ಬೆನ್ನು ಮಾಡಿ ನಿಂತು, ಕನ್ನಡಿಗೆ ರಿಮೋಟನ್ನು ಸರಿಯಾದ ಕೋನದಲ್ಲಿ ಹಿಡಿದು ಚಾನೆಲ್ ಬದಲಿಸಿ ತೋರಿಸುತ್ತೇನೆ. ಹತ್ತನೆಯ ತರಗತಿಯಲ್ಲಿ ಓದಿದ ಪ್ರತಿಫಲನದ ನಿಯಮವನ್ನು ಕಾಣದ ಬೆಳಕೂ ಪಾಲಿಸುತ್ತದೆ. ಜಗದೀಶ್ ಚಂದ್ರ ಬೋಸರು ಕೋಲ್ಕತ್ತದಲ್ಲಿ 1895ರ ಸುಮಾರಿಗೆ ಮಿಲಿಮೀಟರುಗಳಲ್ಲಿ ಅಳೆಯುವ ಅಲೆಗಳನ್ನು ಹುಟ್ಟಿಸಿ, ಅವು ಬೆಳಕಿನಂತೆಯೇ ಪ್ರತಿಫಲಿಸುತ್ತವೆ, ವಕ್ರೀಭವಿಸುತ್ತವೆ, ಧ್ರುವೀಕರಣಗೊಳ್ಳುತ್ತವೆ ಎಂದು ತೋರಿಸಿದ್ದನ್ನು ಈ ಹಂತದಲ್ಲಿ ಹೇಳುತ್ತೇನೆ.

ನಾನು ಅತಿ ಹೆಚ್ಚು ಸಮಯ ಕೊಡುವುದು 1800ರಲ್ಲಿ ವಿಲಿಯಂ ಹರ್ಷಲ್ ಮಾಡಿದ ಪ್ರಯೋಗಕ್ಕೆ. ರಟ್ಟಿನ ಪೆಟ್ಟಿಗೆಯ ಅಂಚಿಗೆ ಪ್ರಿಸಂ ಸಿಕ್ಕಿಸಿ, ಪೆಟ್ಟಿಗೆಯ ನೆರಳಿನ ತಳದಲ್ಲಿ ಬಿಸಿಲಿನ ರೋಹಿತ ಬೀಳುವಂತೆ ಮಾಡಿ, ಬುರುಡೆಗೆ ಕಪ್ಪು ಬಣ್ಣ ಬಳಿದ ಥರ್ಮಾಮೀಟರುಗಳನ್ನು ನೀಲಿಯಲ್ಲಿ, ಹಳದಿಯಲ್ಲಿ ಮತ್ತು ಕೆಂಪಿನ ಆಚೆಯ ಬರಿದಾದ ಜಾಗದಲ್ಲಿ ಇಡುತ್ತೇವೆ. ಇನ್ನೊಂದನ್ನು ಹೋಲಿಕೆಗೆಂದು ಪೂರ್ತಿ ನೆರಳಿನಲ್ಲಿಡುವುದು ಕಡ್ಡಾಯ. ಗಾಳಿಯಿಲ್ಲದ, ಮೋಡವಿಲ್ಲದ ಮಧ್ಯಾಹ್ನವನ್ನೇ ಆರಿಸಬೇಕು. ಕೆಲವು ನಿಮಿಷಗಳಲ್ಲಿ ಕೆಂಪಿನಾಚೆಯ ಥರ್ಮಾಮೀಟರ್ ಉಳಿದವುಗಳಿಗಿಂತ ಮೇಲೇರುತ್ತದೆ.

ಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತವೆ. ನಿಲ್ಲಿಸಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಸೂರ್ಯನ ವಿಕಿರಣವನ್ನು ತರಂಗಾಂತರದ ಲೆಕ್ಕದಲ್ಲಿ ಅಳೆದರೆ ಅದರ ತೀವ್ರತೆ ಅತಿ ಹೆಚ್ಚಿರುವುದು 500 ನ್ಯಾನೋಮೀಟರಿನ ಆಸುಪಾಸಿನಲ್ಲಿ, ಅಂದರೆ ಗೋಚರ ಬೆಳಕಿನಲ್ಲೇ. ಹಾಗಿದ್ದೂ ಕೆಂಪಿನಾಚೆಗೆ ಶಾಖ ಏಕೆ ಹೆಚ್ಚು? ಉತ್ತರ ಗಾಜಿನಲ್ಲಿದೆ. ಸಾಮಾನ್ಯ ಕ್ರೌನ್ ಗಾಜಿನ ವಕ್ರೀಭವನ ಸೂಚ್ಯಂಕ (ಗಾಜು ಬೆಳಕನ್ನು ಎಷ್ಟು ಬಾಗಿಸುತ್ತದೆಂಬುದರ ಅಳತೆ) 400 ನ್ಯಾನೋಮೀಟರಿನಲ್ಲಿ ಸುಮಾರು 1.531, 700ರಲ್ಲಿ 1.513, 1100ರಲ್ಲಿ 1.506. ಗೋಚರ ಬೆಳಕಿನ 300 ನ್ಯಾನೋಮೀಟರಿನ ವ್ಯಾಪ್ತಿಯಲ್ಲಿ ಸೂಚ್ಯಂಕ 0.018ರಷ್ಟು ಬದಲಾದರೆ, ಅದರಾಚೆಯ 400 ನ್ಯಾನೋಮೀಟರಿನ ವ್ಯಾಪ್ತಿಯಲ್ಲಿ ಬದಲಾಗುವುದು ಬರೀ 0.007. ಆದ್ದರಿಂದ ಪ್ರಿಸಂ ನೀಲಿಯನ್ನು ಅಗಲವಾಗಿ ಹರಡುತ್ತದೆ, ಅವಕೆಂಪನ್ನು (ಕೆಂಪಿನಾಚೆಯ ಕಾಣದ ಬೆಳಕನ್ನು) ಕಿರಿದಾದ ಪಟ್ಟಿಯಲ್ಲಿ ಒತ್ತರಿಸುತ್ತದೆ. ಅಲ್ಲಿಟ್ಟ ಬುರುಡೆಯ ಮೇಲೆ ಬಹಳಷ್ಟು ತರಂಗಾಂತರಗಳ ಶಕ್ತಿ ಒಟ್ಟಿಗೆ ಬೀಳುತ್ತದೆ. ನೆಲ ಮುಟ್ಟುವ ಸೌರಶಕ್ತಿಯಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಅವಕೆಂಪೇ ಎಂಬುದೂ ನಿಜ. ಎರಡೂ ಮಾತುಗಳನ್ನು ಕೂಡಿಸಿ ಹೇಳಿದಾಗ ಮಾತ್ರ ಪ್ರಯೋಗದ ಅರ್ಥ ಪೂರ್ಣವಾಗುತ್ತದೆ. ಸೂಚ್ಯಂಕದ ನಕ್ಷೆಯನ್ನು ಮಕ್ಕಳೇ ಬಿಡಿಸಿ ಇದನ್ನು ಕಂಡುಕೊಳ್ಳುವಂತೆ ನೋಡಿಕೊಳ್ಳುತ್ತೇನೆ, ಅದಕ್ಕೆ ಒಂದು ಪೂರ್ತಿ ಪೀರಿಯಡ್ ಹಿಡಿದರೂ ಸರಿಯೆ.

ನೇರಳೆಯ ಆಚೆಗೆ ಹೋಗಲು ನೋಟು ಪರೀಕ್ಷಿಸುವ ಸಣ್ಣ ಟಾರ್ಚ್ ಸಾಕು. ಅದನ್ನು ಯಾರ ಕಣ್ಣಿಗೂ ಹಿಡಿಯಬಾರದೆಂದು ಮೊದಲೇ ಎಚ್ಚರಿಸುತ್ತೇನೆ. ಆ ಮಂದ ಬೆಳಕಿಗೆ ನೋಟಿನ ಸಂಖ್ಯೆಯೂ ಕಾಗದದೊಳಗಿನ ಎಳೆಗಳೂ ಹೊಳೆಯುತ್ತವೆ, ಕೆಂಪು ಎಲ್‌ಇಡಿಯನ್ನು ಎಷ್ಟು ಪ್ರಖರವಾಗಿ ಹಿಡಿದರೂ ಹೊಳೆಯುವುದಿಲ್ಲ. ಒಟ್ಟು ಬೆಳಕಿಗಿಂತ ಒಂದೊಂದು ಫೋಟಾನಿನ (ಬೆಳಕಿನ ಅತಿ ಸಣ್ಣ ಕಂತಿನ) ಶಕ್ತಿಯೇ ಇಲ್ಲಿ ಮುಖ್ಯವೆಂಬುದಕ್ಕೆ ಇದಕ್ಕಿಂತ ಅಗ್ಗದ ಪ್ರಯೋಗ ನನಗೆ ತಿಳಿದಿಲ್ಲ. 1240ನ್ನು ನ್ಯಾನೋಮೀಟರಿನಲ್ಲಿರುವ ತರಂಗಾಂತರದಿಂದ ಭಾಗಿಸಿದರೆ ಫೋಟಾನಿನ ಶಕ್ತಿ ಎಲೆಕ್ಟ್ರಾನ್ ವೋಲ್ಟ್ ಎಂಬ ಸಣ್ಣ ಮಾನದಲ್ಲಿ ಸಿಗುತ್ತದೆ: 395 ನ್ಯಾನೋಮೀಟರಿಗೆ 3.1, ಕೆಂಪಿನ 650ಕ್ಕೆ 1.9. ಎಕ್ಸ್ ಕಿರಣ ಮತ್ತು ಗಾಮಾ ಕಿರಣಗಳನ್ನು ತರಗತಿಯಲ್ಲಿ ತೋರಿಸುವಂತಿಲ್ಲ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಳಸುವ ಕೋಬಾಲ್ಟ್ 60ರ ಗಾಮಾ ಕಿರಣಗಳ 1.17 ಮತ್ತು 1.33 ಮಿಲಿಯನ್ ಎಲೆಕ್ಟ್ರಾನ್ ವೋಲ್ಟುಗಳಿಂದ ಹಿಂದಕ್ಕೆ ಲೆಕ್ಕ ಮಾಡಿದರೆ ನಮ್ಮ ಪಟ್ಟಿಯ ಬಲತುದಿಯ ಒಂದು ಪಿಕೋಮೀಟರಿಗೆ ಬಂದು ನಿಲ್ಲುತ್ತೇವೆ.

ಮೊಬೈಲ್ ಟವರಿನ ವಿಕಿರಣ ಅಪಾಯಕಾರಿಯೇ ಎಂಬ ಪ್ರಶ್ನೆ ಈ ಹೊತ್ತಿಗೆ ತಪ್ಪದೆ ಬರುತ್ತದೆ. ಹೌದು ಅಥವಾ ಇಲ್ಲ ಎಂದು ನಾನು ಹೇಳುವುದಿಲ್ಲ. ಅದೇ ಸೂತ್ರದಿಂದ ಲೆಕ್ಕ ಮಾಡಲು ಹೇಳುತ್ತೇನೆ. 1800 ಮೆಗಾಹರ್ಟ್ಸ್ ಅಲೆಯ ಫೋಟಾನಿಗೆ ಎಲೆಕ್ಟ್ರಾನ್ ವೋಲ್ಟಿನ ಹತ್ತು ಲಕ್ಷದಲ್ಲಿ ಏಳು ಪಾಲು ಮಾತ್ರ ಶಕ್ತಿ, ಅಣುವಿನಿಂದ ಎಲೆಕ್ಟ್ರಾನನ್ನು ಕಿತ್ತುಹಾಕಲು ಬೇಕಾದುದು ಹತ್ತು ಎಲೆಕ್ಟ್ರಾನ್ ವೋಲ್ಟಿನ ಆಸುಪಾಸು. ಹಾಗಾಗಿ ಎಕ್ಸ್ ಕಿರಣ ಮಾಡುವಂಥ ಹಾನಿಯನ್ನು ಈ ಅಲೆ ಮಾಡಲಾರದು. ಆದರೆ ಮೈಕ್ರೋವೇವ್ ಒಲೆಯ ಫೋಟಾನುಗಳೂ ಹೆಚ್ಚುಕಡಿಮೆ ಇಷ್ಟೇ ದುರ್ಬಲವಾಗಿದ್ದು ಅನ್ನವನ್ನು ಬಿಸಿ ಮಾಡುತ್ತವೆ. ಆದ್ದರಿಂದ ಟವರುಗಳು ಹೊರಸೂಸುವ ಸಾಮರ್ಥ್ಯಕ್ಕೆ ಮಿತಿ ಏಕೆ ಬೇಕೆಂಬ ಚರ್ಚೆಯನ್ನು ಮಕ್ಕಳು ಶಾಖದ ಲೆಕ್ಕದಿಂದ ಮುಂದುವರಿಸುತ್ತಾರೆ.