ಮುಂಗಡ ಕೊಡುವ ಮೊದಲು ಆಗುಂಬೆ ಘಾಟಿ ಇಳಿದು ಹತ್ತಿ

ಈ ವರ್ಷ ಅಡಿಕೆಗೆ ಒಳ್ಳೆಯ ಧಾರಣೆ ಸಿಕ್ಕಿದ್ದೇ ತಡ, ನನ್ನ ತಮ್ಮ ಎಪ್ಪತ್ತು ಲಕ್ಷದ ಹೈಬ್ರಿಡ್ ಎಸ್‌ಯುವಿಗೆ ಮುಂಗಡ ಕೊಡಲು ಹೊರಟು ನಿಂತಿದ್ದಾನೆ. ತೀರ್ಥಹಳ್ಳಿಯಲ್ಲಿ ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಮಾಡಿದವಳು ನಾನು. ಅಂಥದ್ದೇ ಗಾಡಿಯನ್ನು ನಾಲ್ಕು ಮಳೆಗಾಲ ಓಡಿಸಿದ್ದೇನೆ. ಅವನಿಗೆ ಹೇಳಿದ್ದು ಮಲೆನಾಡಿನ ಬೇರೆಯವರಿಗೂ ಬೇಕಾಗಬಹುದು.

ಹೈಬ್ರಿಡ್ ಎಂದರೆ ಎಂಜಿನ್ನಿನ ಜೊತೆ ಬ್ಯಾಟರಿಯಿಂದ ಓಡುವ ಮೋಟಾರೂ ಇರುವ ಗಾಡಿ. ಮೊದಲು ಯಾವ ಹೈಬ್ರಿಡ್ ಎಂದು ಕೇಳಿ. ವೋಲ್ವೋ ಎಕ್ಸ್‌ಸಿ60, ಮರ್ಸಿಡಿಸ್ ಜಿಎಲ್‌ಸಿ ಮುಂತಾದವುಗಳಲ್ಲಿ ಇರುವುದು 48 ವೋಲ್ಟಿನ ಮೈಲ್ಡ್ ಹೈಬ್ರಿಡ್. ಅಲ್ಲಿ ಮೋಟಾರು ಎಂಜಿನ್ನಿಗೆ ಕೈಜೋಡಿಸುತ್ತದೆ, ಅಷ್ಟೇ. ಲೆಕ್ಸಸ್ ಎನ್‌ಎಕ್ಸ್ 350ಎಚ್ ಸ್ಟ್ರಾಂಗ್ ಹೈಬ್ರಿಡ್; 2.5 ಲೀಟರ್ ಪೆಟ್ರೋಲ್ ಎಂಜಿನ್ ಆರಿದ್ದರೂ ಮೋಟಾರು ಗಾಡಿಯನ್ನು ಸ್ವಲ್ಪ ದೂರ ಒಯ್ಯುತ್ತದೆ. ಬಿಎಂಡಬ್ಲ್ಯು ಎಕ್ಸ್‌ಎಂ ಪ್ಲಗ್‌-ಇನ್, ಮನೆಯ ಕರೆಂಟಿನಿಂದ ಚಾರ್ಜ್ ಮಾಡುವಂಥದ್ದು. ಆಷಾಢದ ಗಾಳಿಗೆ ಲೈನಿನ ಮೇಲೆ ಮರ ಬಿದ್ದು ಮೂರು ದಿನ ಕತ್ತಲಲ್ಲಿ ಕೂರುವ ನಮ್ಮಂಥ ಒಂಟಿ ಮನೆಗಳಿಗೆ ಪ್ಲಗ್‌-ಇನ್ ಬೇಡವೆಂದೇ ನಾನು ಹೇಳುತ್ತೇನೆ. ಚಾರ್ಜ್ ಆಗದ ದಿನ ಆ ದೊಡ್ಡ ಬ್ಯಾಟರಿ ಬರಿಯ ಹೊರೆ.

ಇನ್ನು ಪರೀಕ್ಷೆ. ಶೋರೂಮಿನ ಸುತ್ತ ಎರಡು ಕಿಲೋಮೀಟರ್ ಓಡಿಸಿ ತೃಪ್ತರಾಗಬೇಡಿ. ಮನೆಯವರನ್ನೆಲ್ಲ ಕೂರಿಸಿಕೊಂಡು ಆಗುಂಬೆಯ 14 ತಿರುವುಗಳನ್ನು ಇಳಿದು, ಸೋಮೇಶ್ವರದಲ್ಲಿ ಕಾಫಿ ಕುಡಿದು, ಮತ್ತೆ ಹತ್ತಿ. ಇಳಿಯುವಾಗ ಪಕ್ಕದಲ್ಲಿ ಕೂತವರು ಬ್ಯಾಟರಿಯ ಗೆರೆಗಳನ್ನು ಗಮನಿಸಲಿ. ಇಳಿಜಾರಿನಲ್ಲಿ ಮೋಟಾರೇ ಡೈನಮೋ ಆಗಿ, ಗಾಡಿಯನ್ನು ತಡೆಯುತ್ತಾ ಬ್ಯಾಟರಿ ತುಂಬುತ್ತದೆ. ಎರಡು ಟನ್ ತೂಕದ ಗಾಡಿ 500 ಮೀಟರ್ ಕೆಳಗಿಳಿದರೆ ಸುಮಾರು 2.7 ಯೂನಿಟ್ ಶಕ್ತಿ ಬಿಡುಗಡೆಯಾಗುತ್ತದೆ. ಕರೆಂಟು ಬಿಲ್ಲಿನಲ್ಲಿ ಬರುವ ಯೂನಿಟ್ಟೇ ಅದು. ಗಾಳಿ, ಟೈರುಗಳ ತಿಕ್ಕಾಟಕ್ಕೆ ಹೋದದ್ದನ್ನು ಕಳೆದರೂ ಬಹಳಷ್ಟು ಉಳಿಯುತ್ತದೆ. ಸ್ಟ್ರಾಂಗ್ ಹೈಬ್ರಿಡ್ ಬ್ಯಾಟರಿಗೆ ಹಿಡಿಯುವುದು ಒಂದು ಯೂನಿಟ್ಟಿನ ಆಸುಪಾಸು, ಅದನ್ನೂ ಪೂರ್ತಿ ಬಳಸಲು ಬಿಡುವುದಿಲ್ಲ. ಹಾಗಾಗಿ ಘಾಟಿ ಮುಗಿಯುವ ಮೊದಲೇ ಬ್ಯಾಟರಿ ತುಂಬಿ, ಮೋಟಾರಿನ ಹಿಡಿತ ಸಡಿಲವಾಗುತ್ತದೆ. ಆಗ ಬ್ರೇಕನ್ನೇ ಒತ್ತುತ್ತಾ ಹೋದರೆ ಅದು ಬಿಸಿಯೇರುತ್ತದೆ. ಗೇರನ್ನು ಬಿ ಸ್ಥಾನಕ್ಕೆ, ಅದಿಲ್ಲದ ಗಾಡಿಯಲ್ಲಿ ಎಸ್ ಸ್ಥಾನದ ಕೆಳಹಂತಕ್ಕೆ ತಂದು, ಎಂಜಿನ್ನೇ ಗಾಡಿಯನ್ನು ತಡೆಯುವಂತೆ ಮಾಡಬೇಕು. ಇದನ್ನು ನನಗೆ ಗಾಡಿ ಕೊಟ್ಟವರು ಹೇಳಲಿಲ್ಲ. ಮೊದಲ ಮಳೆಗಾಲದಲ್ಲಿ, ಮಂಜಿನ ನಡುವೆ, ಬ್ರೇಕಿನ ಸುಟ್ಟ ವಾಸನೆ ಮೂಗಿಗೆ ಬಡಿದಾಗ ಕಲಿತೆ.

ಹತ್ತುವಾಗ ಹೈಬ್ರಿಡ್‌ನ ಸೊಗಸೂ ಮಿತಿಯೂ ಒಟ್ಟಿಗೇ ಕಾಣಿಸುತ್ತವೆ. ಮೊದಲ ಕೆಲವು ತಿರುವುಗಳಲ್ಲಿ ಪೆಡಲ್ ಮುಟ್ಟಿದ ಕ್ಷಣವೇ ಮೋಟಾರಿನ ಬಲ ಸಿಗುತ್ತದೆ. ಬಸ್ಸಿನ ಹಿಂದೆ ನಿಂತು ಮತ್ತೆ ಹೊರಡುವುದು ಇಷ್ಟು ಹಗುರ ಎಂದು ಬೇರೆ ಯಾವ ಗಾಡಿಯಲ್ಲೂ ನನಗೆ ಅನ್ನಿಸಿಲ್ಲ. ಬ್ಯಾಟರಿ ಬಸಿದ ಮೇಲೆ ಭಾರವೆಲ್ಲ ಎಂಜಿನ್ನಿನದು. ಟೊಯೋಟಾ, ಲೆಕ್ಸಸ್ ಹೈಬ್ರಿಡ್‌ಗಳಲ್ಲಿ ಮಾಮೂಲಿನಂತೆ ಮೆಟ್ಟಿಲು ಮೆಟ್ಟಿಲಾಗಿ ಬದಲಾಗುವ ಗೇರುಗಳಿಲ್ಲದ ಕಾರಣ ಎಂಜಿನ್ ಒಂದೇ ಏರುದನಿಯಲ್ಲಿ ಕೂಗುತ್ತದೆ. ಅದು ದೋಷವಲ್ಲ. ಆದರೆ ಆ ಸದ್ದು ಸಹಿಸಲಾಗದವರು ಎಪ್ಪತ್ತು ಲಕ್ಷ ಕೊಟ್ಟು ದಿನವೂ ಕೊರಗಬಾರದು.

ಎನ್‌ಎಕ್ಸ್‌ನಂಥ ಗಾಡಿಗಳಲ್ಲಿ ಹಿಂದಿನ ಚಕ್ರಗಳಿಗೆ ಪ್ರತ್ಯೇಕ ಮೋಟಾರಿದೆ, ಮುಂದಿನಿಂದ ಶಾಫ್ಟ್ ಬರುವುದಿಲ್ಲ. ಒದ್ದೆ ಡಾಂಬರಿಗೆ, ಜಾರುವ ಅಂಗಳದ ಏರಿಗೆ ಇದು ಬಹಳ ಚೆನ್ನ. ತೋಟದ ಕೆಸರಿನಲ್ಲಿ ಹೂತರೆ ಜೀಪಿನಂತೆ ಎದ್ದು ಬರುತ್ತದೆ ಎಂದು ನಂಬಬೇಡಿ.

ಹಣದ ಲೆಕ್ಕವನ್ನು ಪ್ರಾಮಾಣಿಕವಾಗಿ ಹಾಕೋಣ. ನನ್ನ ಡೈರಿಯ ಪ್ರಕಾರ ಶಿವಮೊಗ್ಗ ಪೇಟೆಯೊಳಗೆ ಲೀಟರಿಗೆ 17 ಕಿಲೋಮೀಟರ್, ಬೆಂಗಳೂರು ಹೆದ್ದಾರಿಯಲ್ಲಿ 14, ಘಾಟಿ ಹತ್ತುವಾಗ 9. ನಿಂತು ಹೊರಡುವ ಕಡೆ ಉಳಿತಾಯ ಹೆಚ್ಚು, ಒಂದೇ ಸಮನೆ ಓಡುವ ಕಡೆ ಕಡಿಮೆ. ಒಟ್ಟಾರೆ 15 ಸಿಕ್ಕಿತು ಎನ್ನಿ. ಅದೇ ಗಾತ್ರದ ಪೆಟ್ರೋಲ್ ಗಾಡಿ 10 ಕೊಡುತ್ತದೆ ಎನ್ನಿ. ವರ್ಷಕ್ಕೆ 15,000 ಕಿಲೋಮೀಟರ್ ಓಡಿದರೆ ಉಳಿಯುವುದು 500 ಲೀಟರ್, ಲೀಟರಿಗೆ ನೂರು ರೂಪಾಯಿಯಂತೆ ಐವತ್ತು ಸಾವಿರ. ಹೈಬ್ರಿಡ್‌ಗೆಂದು ಐದು ಲಕ್ಷ ಹೆಚ್ಚು ಕೊಟ್ಟಿದ್ದರೆ ಅದು ಮರಳಲು ಹತ್ತು ವರ್ಷ ಬೇಕು. ತೆರಿಗೆಯ ಆಸರೆಯೂ ಇಲ್ಲ: 2025ರ ಸೆಪ್ಟೆಂಬರ್ 22ರಿಂದ ಇಂಥ ದೊಡ್ಡ ಹೈಬ್ರಿಡ್‌ಗಳಿಗೆ 40 ಶೇಕಡ ಜಿಎಸ್‌ಟಿ, ಪೂರ್ತಿ ವಿದ್ಯುತ್ ಗಾಡಿಗೆ 5 ಮಾತ್ರ. ಆದ್ದರಿಂದ ಉಳಿತಾಯಕ್ಕಾಗಿ ಕೊಳ್ಳುವವರು ಕೊಳ್ಳಲೇಬೇಡಿ. ಬಿಡದಿಯಲ್ಲೇ ತಯಾರಾಗುವ ಇನ್ನೋವಾ ಹೈಕ್ರಾಸ್ ಹೈಬ್ರಿಡ್ ಅರ್ಧ ಬೆಲೆಗೆ ಅದಕ್ಕಿಂತ ಹೆಚ್ಚು ಉಳಿಸಿಕೊಡುತ್ತದೆ. ಹೇಗೂ ಐಷಾರಾಮಿ ಪೆಟ್ರೋಲ್ ಎಸ್‌ಯುವಿಯನ್ನೇ ಕೊಳ್ಳುತ್ತೇವೆ ಎನ್ನುವವರು ಮಾತ್ರ ಸ್ಟ್ರಾಂಗ್ ಹೈಬ್ರಿಡ್ ಕೊಳ್ಳಿ. ಆ ನಿಶ್ಶಬ್ದಕ್ಕೆ, ಆ ನಯಕ್ಕೆ ಬೆಲೆಯಿದೆ.

ಕೊಂಡ ಮೇಲಿನ ಜೋಪಾನ. ಹಲವು ಹೈಬ್ರಿಡ್‌ಗಳಲ್ಲಿ ಹಿಂದಿನ ಸೀಟಿನ ಬುಡದಲ್ಲಿ ಬ್ಯಾಟರಿಗೆ ಗಾಳಿ ಹೋಗುವ ಕಿಂಡಿ ಇರುತ್ತದೆ. ಅದರೆದುರು ಅಡಿಕೆ ಚೀಲ, ಕಂಬಳಿ ಒತ್ತರಿಸಬೇಡಿ. ಸರ್ವಿಸ್‌ನಲ್ಲಿ ಅದರ ಜಾಲರಿಯನ್ನು ಕೇಳಿ ಶುಚಿ ಮಾಡಿಸಿ. ಒಂದು ಜುಲೈನಲ್ಲಿ ಮೂರು ವಾರ ಕೊಟ್ಟಿಗೆ ಪಕ್ಕ ನಿಲ್ಲಿಸಿದ್ದ ಗಾಡಿ ನನಗೆ ಬಾಗಿಲನ್ನೇ ತೆರೆಯಲಿಲ್ಲ. ದೊಡ್ಡ ಬ್ಯಾಟರಿ ಸರಿಯಾಗಿತ್ತು, 12 ವೋಲ್ಟಿನ ಚಿಕ್ಕದು ಸತ್ತಿತ್ತು. ಈಗ ವಾರಕ್ಕೊಮ್ಮೆ ಅರ್ಧ ಗಂಟೆ ಗಾಡಿಯನ್ನು ಆನ್ ಮಾಡಿ ಇಡುತ್ತೇನೆ, ಬಾನೆಟ್ ಎತ್ತಿ ಇಲಿಯ ಗುರುತೂ ನೋಡುತ್ತೇನೆ. ಕಿತ್ತಳೆ ಬಣ್ಣದ ವೈರುಗಳಿಗೆ ಊರಿನ ಮೆಕ್ಯಾನಿಕ್ ಕೈ ಹಾಕಬಾರದು. ಅದರಲ್ಲಿರುವುದು ಜೀವ ತೆಗೆಯುವ ವೋಲ್ಟೇಜ್. ಗಾಡಿ ನಿಂತರೆ ಎಲ್ಲಿಗೆ, ಎಷ್ಟು ದೂರ, ಯಾರ ಖರ್ಚಿನಲ್ಲಿ ಎಳೆದೊಯ್ಯುತ್ತಾರೆ ಎಂಬುದನ್ನು ಮುಂಗಡಕ್ಕೆ ಮೊದಲೇ ಬರೆಸಿಕೊಳ್ಳಿ. ಬೆಂಗಳೂರು ನಮಗೆ 300 ಕಿಲೋಮೀಟರಿಗೂ ಆಚೆ.

ಬರುವ ಭಾನುವಾರ ತಮ್ಮ ಘಾಟಿ ಇಳಿಯುವಾಗ ಅಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಲು ಹೇಳಿದ್ದೇನೆ. ಎಂಬತ್ತನಾಲ್ಕರ ಅಮ್ಮನಿಗೆ ಹತ್ತಿ ಕೂರಲು ಕಷ್ಟವಾದರೆ, ಏಳನೆಯ ತಿರುವಿನ ಹೊತ್ತಿಗೆ ಹೊಟ್ಟೆ ತೊಳಸಿದರೆ, ಆ ಗಾಡಿ ನಮ್ಮ ಮನೆಗೆ ಬರುವುದಿಲ್ಲ.