ಪುಕ್ಕಟೆ ಸಿಗುವ ಕೋಟೆಯ ಖರ್ಚು

ಅಮೆರಿಕದ ಫೆಡರಲ್ ಸರ್ಕಾರಕ್ಕೆ ಬೇಡವಾದ ಹಳೆಯ ಅಂಚೆ ಕಚೇರಿ, ಕೋರ್ಟು, ಕಸ್ಟಮ್ಸ್ ಕಟ್ಟಡ ಅಲ್ಲಿನ ರಾಜ್ಯಗಳಿಗೆ ಒಂದು ಡಾಲರೂ ತೆರದೆ ಸಿಗಬಹುದು. ನಿಜವಾದ ಬೆಲೆ ಹಸ್ತಾಂತರ ಪತ್ರದ ಷರತ್ತುಗಳಲ್ಲಿ ಅಡಗಿರುತ್ತದೆ. ಆ ಷರತ್ತುಗಳಿಗೆ ಮುಕ್ತಾಯದ ದಿನಾಂಕವೇ ಇರುವುದಿಲ್ಲ. ಕಟ್ಟಡ ಕೇಳುವ ಮೊದಲು ರಾಜ್ಯವೊಂದು ಏನೇನು ಮಾಡಬೇಕು, ಎಲ್ಲಿ ಎಡವುವುದು ಹೆಚ್ಚು ಎಂಬುದು ಇಲ್ಲಿದೆ.

ಮೊದಲು ಹಳೆಯ ಪತ್ರ ಓದಿ

ಜಾಗ ಫೆಡರಲ್ ಸರ್ಕಾರದ ಕೈಗೆ ಹೋದದ್ದು ಹೇಗೆ ಎಂದು ದಾಖಲೆ ತೆಗೆಸಿ ನೋಡಿ. ವರ್ಜೀನಿಯಾದ ಫೋರ್ಟ್ ಮನ್ರೋ ಕೋಟೆಯನ್ನು ಸೇನೆ 2011ರ ಸೆಪ್ಟೆಂಬರ್ 15ರಂದು ತೊರೆದಾಗ ಅದರ ಬಹುಪಾಲು ಜಮೀನು ರಾಜ್ಯಕ್ಕೆ ಮರಳಿತು. ರಕ್ಷಣಾ ಬಳಕೆ ನಿಂತರೆ ಜಾಗ ವಾಪಸು ಎಂಬ ಷರತ್ತು ಹಿಂದಿನ ಶತಮಾನಗಳ ಪತ್ರದಲ್ಲೇ ಇತ್ತು. ಇಂಥ ಸಾಲೊಂದು ಕಣ್ಣಿಗೆ ಬಿದ್ದರೆ ಮುಂದಿನ ಅರ್ಧ ದಾರಿ ಸವೆಸಬೇಕಿಲ್ಲ.

ಹಾಗೆಯೇ, ಸೇನಾ ನೆಲೆ ಮುಚ್ಚಿದ್ದರೆ ವಿಲೇವಾರಿ ಮಾಡುವುದು ರಕ್ಷಣಾ ಇಲಾಖೆ. ಉಳಿದ ಬಹುತೇಕ ಆಸ್ತಿಗಳನ್ನು 1949ರ ಕಾಯ್ದೆಯಡಿ ಜನರಲ್ ಸರ್ವಿಸಸ್ ಅಡ್ಮಿನಿಸ್ಟ್ರೇಷನ್, ಅಂದರೆ ಜಿಎಸ್‌ಎ, ನೋಡಿಕೊಳ್ಳುತ್ತದೆ. ತಪ್ಪು ಕಚೇರಿಗೆ ಪತ್ರ ಬರೆದು ತಿಂಗಳುಗಟ್ಟಲೆ ಕಾದರೆ ಪ್ರಯೋಜನವಿಲ್ಲ.

ಸರದಿಯಲ್ಲಿ ನಿಮ್ಮ ಜಾಗ ಎಲ್ಲಿ?

ಆಸ್ತಿ ಬೇಡವಾದ ಇಲಾಖೆ ಎಸ್‌ಎಫ್ 118 ಎಂಬ ನಮೂನೆ ತುಂಬಿ ಜಿಎಸ್‌ಎಗೆ ವರದಿ ಮಾಡುತ್ತದೆ. ಆಗ ಅದು 'ಎಕ್ಸೆಸ್'. ಬೇರೆ ಫೆಡರಲ್ ಇಲಾಖೆಗಳೂ ಬೇಡವೆಂದ ಮೇಲೆ 'ಸರ್‌ಪ್ಲಸ್'. ಆಡುಮಾತಿನಲ್ಲಿ ಎರಡೂ ಒಂದೇ, ಕಾನೂನಿನಲ್ಲಿ ಅಲ್ಲ: ರಾಜ್ಯದ ಸರದಿ ಶುರುವಾಗುವುದು ಸರ್‌ಪ್ಲಸ್ ಆದ ಮೇಲೆಯೇ. ಆಗಲೂ ರಾಜ್ಯ ಸಾಲಿನ ಮುಂದಿರುವುದಿಲ್ಲ. 1987ರ ಮೆಕಿನ್ನಿ–ವೆಂಟೊ ಕಾಯ್ದೆಯ ಪ್ರಕಾರ ಸೂರಿಲ್ಲದವರಿಗೆ ಆಶ್ರಯ ಒದಗಿಸುವ ಸಂಸ್ಥೆಗಳಿಗೆ ಮೊದಲ ಆದ್ಯತೆ. ಅವರಿಂದ ಬೇಡಿಕೆ ಬಾರದಿದ್ದರೆ ಸಾರ್ವಜನಿಕ ಉಪಯೋಗಕ್ಕೆ ಕೇಳುವ ರಾಜ್ಯ, ಕೌಂಟಿ, ನಗರಗಳ ಪಾಳಿ. ಅವರೂ ಮುಂದೆ ಬರದಿದ್ದರೆ ಮಾರಾಟ, ಹರಾಜು.

ಜಿಎಸ್‌ಎ ನೋಟಿಸ್‌ನಲ್ಲಿ ಬರೆದ ಗಡುವಿನೊಳಗೆ ಆಸಕ್ತಿ ಪತ್ರ ತಲುಪಬೇಕು. ಅದು ಒಂದು ಪುಟವಿದ್ದರೂ ಸಾಕು. ನಿಜವಾದ ಕೆಲಸ ಅದರ ನಂತರದ ಅರ್ಜಿಯದು. ಅದನ್ನು ನೋಟಿಸ್ ಬಂದ ಮೇಲೆ ಶುರು ಮಾಡಿದವರು ಬಹುತೇಕ ತಡವಾದಂತೆಯೇ.

ಯಾವ ಬಾಗಿಲು ತಟ್ಟಬೇಕು

ಕಟ್ಟಡ ನ್ಯಾಷನಲ್ ರಿಜಿಸ್ಟರ್ ಆಫ್ ಹಿಸ್ಟಾರಿಕ್ ಪ್ಲೇಸಸ್ ಎಂಬ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಯಲ್ಲಿದ್ದರೆ, ಅಥವಾ ಸೇರುವ ಅರ್ಹತೆಯಿದ್ದರೆ, 'ಐತಿಹಾಸಿಕ ಸ್ಮಾರಕ' ದಾರಿಯಲ್ಲಿ ಪೂರ್ತಿ ಉಚಿತವಾಗಿ ಸಿಗುತ್ತದೆ. ಅರ್ಜಿ ಪರಿಶೀಲಿಸುವುದು ನ್ಯಾಷನಲ್ ಪಾರ್ಕ್ ಸರ್ವಿಸ್. ಪಟ್ಟಿಯಲ್ಲಿರುವುದೊಂದು, ಒಡೆತನ ಮತ್ತೊಂದು ಎಂಬುದು ನೆನಪಿರಲಿ. ನಮ್ಮಲ್ಲೂ ಪುರಾತತ್ವ ಇಲಾಖೆಯ ನೀಲಿ ಫಲಕ ಕಂಡರೆ ಕಟ್ಟಡ ಕೇಂದ್ರದ್ದೇ ಎಂದುಕೊಳ್ಳುವವರಿದ್ದಾರೆ. ಸಂರಕ್ಷಿತ ಸ್ಮಾರಕದ ಒಡೆಯರು ಖಾಸಗಿಯವರೂ ಆಗಿರಬಹುದು.

ದೀಪಸ್ತಂಭಗಳಿಗೆ 2000ದ ಪ್ರತ್ಯೇಕ ಕಾಯ್ದೆಯಿದೆ. ಅಲ್ಲಿ ಲಾಭರಹಿತ ಸಂಘಗಳೂ ರಾಜ್ಯದ ಜೊತೆ ಸ್ಪರ್ಧಿಸುತ್ತವೆ. ಕಟ್ಟಡ ಹೊಸಬರದಾದರೂ ಉರಿಯುವ ದೀಪ ಕೋಸ್ಟ್ ಗಾರ್ಡ್‌ನದೇ; ಅದನ್ನು ನೋಡಿಕೊಳ್ಳಲು ಅವರು ಬಂದುಹೋಗುವ ಹಕ್ಕನ್ನು ಪತ್ರದಲ್ಲಿ ಬರೆದುಕೊಡಬೇಕು. ನೀರಿನ ನಡುವೆ ನಿಂತ ದೀಪಸ್ತಂಭವಾದರೆ ತಳದ ನೆಲ ಸಾಮಾನ್ಯವಾಗಿ ರಾಜ್ಯದ್ದು. ಸಂಘವೊಂದು ಪಡೆದರೆ ಆ ನೆಲಕ್ಕೆ ರಾಜ್ಯದ ಬಳಿ ಬೇರೆ ಅನುಮತಿ ಕೇಳಬೇಕಾದೀತು. ರಾಜ್ಯವೇ ಪಡೆದರೆ ಆ ತೊಡಕಿಲ್ಲ.

ಮೂರನೆಯದು ಕಾಂಗ್ರೆಸ್ಸಿನ, ಅಂದರೆ ಅಮೆರಿಕದ ಸಂಸತ್ತಿನ, ವಿಶೇಷ ಕಾನೂನು. ನ್ಯೂಯಾರ್ಕಿನ 172 ಎಕರೆಯ ಗವರ್ನರ್ಸ್ ಐಲ್ಯಾಂಡನ್ನು ಕೋಸ್ಟ್ ಗಾರ್ಡ್ ಬಿಟ್ಟದ್ದು 1996ರಲ್ಲಿ. ಮರುವರ್ಷದ ಬಜೆಟ್ ಕಾನೂನು ಅದನ್ನು ಮಾರಬೇಕೆಂದಿತು. ಜಗ್ಗಾಟ ಮುಗಿದು 2003ರ ಜನವರಿಯಲ್ಲಿ 22 ಎಕರೆ ರಾಷ್ಟ್ರೀಯ ಸ್ಮಾರಕವಾಗಿ ಪಾರ್ಕ್ ಸರ್ವಿಸ್ ಬಳಿ ಉಳಿಯಿತು, ಮಿಕ್ಕ 150 ಎಕರೆ ನ್ಯೂಯಾರ್ಕಿನ ಪಾಲಾಯಿತು. ಕ್ಯಾಸಿನೊ ಕೂಡದು, ಕಾಯಂ ವಸತಿ ಕೂಡದು ಎಂಬ ಷರತ್ತು ಪತ್ರಕ್ಕೆ ಸೇರಿತು. ಭೂಮಿಯ ಬೆಲೆ ಆಕಾಶ ಮುಟ್ಟುವ ಕಡೆ ಮಾತ್ರ ಈ ದಾರಿ. ಸಣ್ಣ ಊರಿನ ಅಂಚೆ ಕಚೇರಿಗೆ ಇದರ ಗೊಡವೆ ಬೇಡ.

ಅರ್ಜಿಯ ಮೂರು ಭಾಗ

ಸಂರಕ್ಷಣೆ, ಬಳಕೆ, ಹಣಕಾಸು: ಮೂರಕ್ಕೂ ಯೋಜನೆ ಕೊಡಬೇಕು.

ಸಂರಕ್ಷಣಾ ಯೋಜನೆಗೆ ಮಾನದಂಡ ಅಮೆರಿಕದ ಆಂತರಿಕ (ಇಂಟೀರಿಯರ್) ಇಲಾಖೆಯ ಪುನರುಜ್ಜೀವನದ 10 ಸೂತ್ರಗಳು. 'ಗೋಡೆ ದುರಸ್ತಿ' ಎಂದಷ್ಟೇ ಬರೆದರೆ ಸಾಲದು. ಹಳೆಯ ಮೆದು ಇಟ್ಟಿಗೆಯ ಸಂದಿಗೆ ಗಟ್ಟಿ ಸಿಮೆಂಟ್ ತುಂಬಿದರೆ ಒಳಗಿನ ತೇವ ಸಂದಿಯಿಂದ ಹೊರಬರಲಾಗದೆ ಇಟ್ಟಿಗೆಯ ಮೂಲಕವೇ ದಾರಿ ಹುಡುಕುತ್ತದೆ. ಚಳಿಗೆ ಅದು ಹೆಪ್ಪುಗಟ್ಟಿ ಇಟ್ಟಿಗೆಯ ಮುಖ ಪದರಪದರವಾಗಿ ಉದುರುತ್ತದೆ. ಆದ್ದರಿಂದ ಮೂಲ ಗಾರೆಯನ್ನು ಪರೀಕ್ಷೆ ಮಾಡಿಸಿ, ಅದಕ್ಕೆ ಹೊಂದುವ ಸುಣ್ಣದ ಗಾರೆಯ ಪ್ರಮಾಣವನ್ನು ಯೋಜನೆಯಲ್ಲೇ ಬರೆಯಿರಿ. ಮರಳು ಚಿಮ್ಮಿಸಿ ಬಣ್ಣ ತೆಗೆಯುವ ಪ್ರಸ್ತಾವವಂತೂ ಸೂತ್ರಗಳಿಗೇ ವಿರುದ್ಧ.

ಬಳಕೆ ವಿಭಾಗದಲ್ಲಿ ಎಲ್ಲರೂ ಬರೆಯುವುದು ಮ್ಯೂಸಿಯಂ. ನಮ್ಮ ಅಭಿಪ್ರಾಯದಲ್ಲಿ ಇದೇ ದೊಡ್ಡ ಬಲೆ. 'ಐತಿಹಾಸಿಕ ಸ್ಮಾರಕ' ದಾರಿಯಲ್ಲಿ ಆದಾಯ ತರುವ ಬಳಕೆಗೂ ಅವಕಾಶವಿದೆ: ಕಚೇರಿ, ಹೋಟೆಲು, ಬಾಡಿಗೆ ಸಭಾಂಗಣ ಯಾವುದಾದರೂ ಕಟ್ಟಡದ ಲಕ್ಷಣ ಕೆಡಿಸದಿದ್ದರೆ ಸರಿ. ದುರಸ್ತಿ, ನಿರ್ವಹಣೆ, ಒಪ್ಪಿತ ಮಿತಿಯ ಲಾಭ ಕಳೆದು ಉಳಿದ ಹಣ ಮಾತ್ರ ಸಾರ್ವಜನಿಕ ಪರಂಪರೆ, ಉದ್ಯಾನ, ಮನರಂಜನೆಗೆ ಹೋಗಬೇಕು. ಸ್ಯಾನ್ ಫ್ರಾನ್ಸಿಸ್ಕೊದ ಹಳೆಯ ಟಂಕಸಾಲೆ ಕಟ್ಟಿದ್ದು 1874ರಲ್ಲಿ. 1906ರ ಭೂಕಂಪ, ಬೆಂಕಿ ಎರಡನ್ನೂ ತಾಳಿಕೊಂಡಿತು. 2003ರಲ್ಲಿ ನಗರಾಡಳಿತ ಅದನ್ನು ಪಡೆದದ್ದು ಅಲ್ಲೇ 1879ರಲ್ಲಿ ಅಚ್ಚಾದ ಒಂದು ಬೆಳ್ಳಿ ಡಾಲರಿಗೆ. ಮ್ಯೂಸಿಯಂ ಯೋಜನೆ ಮಾತ್ರ ಹಣ ಹೊಂದದೆ ವರ್ಷಗಟ್ಟಲೆ ನೆನೆಗುದಿಗೆ ಬಿತ್ತು.

ಹಣಕಾಸಿನಲ್ಲಿ ದುರಸ್ತಿಯ ಒಮ್ಮೆಯ ಖರ್ಚು, ವರ್ಷವರ್ಷದ ಖರ್ಚು ಎರಡನ್ನೂ ಬೇರೆ ಬೇರೆ ತೋರಿಸಿ. ಫೆಡರಲ್ ತೆರಿಗೆ ವಿನಾಯಿತಿ ದುರಸ್ತಿ ವೆಚ್ಚದ 20%. ತೆರಿಗೆಯನ್ನೇ ಕಟ್ಟದ ರಾಜ್ಯಕ್ಕೆ ಅದರಿಂದ ನೇರ ಲಾಭವಿಲ್ಲ. ಖಾಸಗಿಯವರಿಗೆ ದೀರ್ಘ ಗುತ್ತಿಗೆ ಕೊಟ್ಟರೆ ಅವರಿಗೆ ಸಿಗುತ್ತದೆ, ವಾಣಿಜ್ಯ ಬಳಕೆಗೆ ದುರಸ್ತಿ ಮುಗಿದ ದಿನ ಗುತ್ತಿಗೆಯಲ್ಲಿ ಕನಿಷ್ಠ 39 ವರ್ಷ ಉಳಿದಿರಬೇಕು. 30 ವರ್ಷಕ್ಕೆ ಸಹಿ ಹಾಕಿ ಆಮೇಲೆ ಲೆಕ್ಕಿಗರ ಬಳಿ ಹೋದರೆ ಪತ್ರ ಮತ್ತೆ ಬರೆಯಬೇಕು.

ನೆಲದಡಿಯ ಲೆಕ್ಕ

1966ರ ಪರಂಪರೆ ಕಾಯ್ದೆಯ 106ನೇ ಸೆಕ್ಷನ್ ಪ್ರಕಾರ, ಬಲವಾದ ರಕ್ಷಣಾ ಷರತ್ತಿಲ್ಲದೆ ಆಸ್ತಿ ಕೈದಾಟಿಸುವುದೇ 'ಪ್ರತಿಕೂಲ ಪರಿಣಾಮ'. ರಾಜ್ಯದ ಪರಂಪರೆ ಅಧಿಕಾರಿಗೆ ಪರಿಶೀಲನೆಗೆ 30 ದಿನ ಸಿಗುತ್ತದೆ. ಷರತ್ತಿನ ಕರಡು ಮೊದಲೇ ಜೊತೆಗಿದ್ದರೆ ಈ ಹಂತ ಸಲೀಸು.

ವಿಷವಸ್ತುಗಳ ವಿಷಯ ಅಷ್ಟು ಸಲೀಸಲ್ಲ. ಶುದ್ಧೀಕರಣ ಮುಗಿದಿದೆ, ಮುಂದೆ ಹಳೆಯ ಮಾಲಿನ್ಯ ಕಂಡರೆ ತಾನೇ ಬಂದು ತೆಗೆಯುತ್ತೇನೆ ಎಂದು ಫೆಡರಲ್ ಸರ್ಕಾರ ಪತ್ರದಲ್ಲಿ ಬರೆದುಕೊಡಬೇಕು. ಮುಗಿಯುವ ಮುನ್ನವೇ ಕೊಡಲು ರಾಜ್ಯದ ಗವರ್ನರ್ ಒಪ್ಪಿಗೆ ಬೇಕು. ಆದರೆ ಈ ಭರವಸೆಗೆ ಆಧಾರವಾದ ಶುದ್ಧೀಕರಣ ಕಾನೂನಿನಲ್ಲಿ ಪೆಟ್ರೋಲಿಯಂ 'ವಿಷವಸ್ತು' ಎಂಬ ವ್ಯಾಖ್ಯೆಯಿಂದ ಹೊರಗಿದೆ. ಹಿತ್ತಲಲ್ಲಿ ಹೂತ ಬಿಸಿಮಾಡುವ ಎಣ್ಣೆಯ ಟ್ಯಾಂಕ್ ಆ ಭರವಸೆಯ ನೆರಳಿಗೆ ಬರುವುದಿಲ್ಲ. ಸೀಸದ ಬಣ್ಣ, ಕಲ್ನಾರು ಸಾಮಾನ್ಯವಾಗಿ 'ಇವೆ' ಎಂಬ ಸೂಚನೆಯೊಂದಿಗೆ ಬರುತ್ತವೆ. ತೆಗೆಸುವ ಖರ್ಚು ಪಡೆದವರದು. ಸ್ವಂತ ಸಮೀಕ್ಷೆ ಮಾಡಿಸದೆ ಸಹಿ ಬೇಡ.

ಪತ್ರ, ಆಮೇಲೆ ಕೀಲಿಕೈ

ಪತ್ರದಲ್ಲಿ ನೋಡಬೇಕಾದ ಸಾಲು ಮರಳಿಕೆಯದು: ಷರತ್ತು ಮುರಿದರೆ ಆಸ್ತಿಯನ್ನು ಹಿಂದಕ್ಕೆ ಪಡೆಯುವ ಹಕ್ಕು ಫೆಡರಲ್ ಸರ್ಕಾರಕ್ಕಿರುತ್ತದೆ. ಹತ್ತು ವರ್ಷದ ಮೇಲೆ ಬರುವ ಅಧಿಕಾರಿಗೆ ಇದು ತಿಳಿದಿರುವುದಿಲ್ಲ. ಕಿಟಕಿ ಬದಲಿಸುವಂಥ ಸಣ್ಣ ಟೆಂಡರಿನ ಕಡತದಲ್ಲೂ ಷರತ್ತಿನ ಪ್ರತಿ ಇರಿಸಿ.

ದುರಸ್ತಿ ತಕ್ಷಣ ಶುರುವಾಗದಿದ್ದರೆ ಕೀಲಿಕೈ ಸಿಕ್ಕ ವಾರವೇ ಕಟ್ಟಡವನ್ನು 'ಮಲಗಿಸಬೇಕು', ಅಂದರೆ ಕೆಡದಂತೆ ಭದ್ರಪಡಿಸಿ ಮುಚ್ಚಿಡಬೇಕು. ಮೊದಲು ಚಾವಣಿ ಮತ್ತು ಮಳೆನೀರಿನ ಕೊಳವೆ. ಚಳಿಗಾಲಕ್ಕೆ ಮುನ್ನ ನೀರಿನ ಪೈಪು ಪೂರ್ತಿ ಖಾಲಿ, ಇಲ್ಲವಾದರೆ ಹೆಪ್ಪುಗಟ್ಟಿ ಒಡೆದ ಒಂದೇ ಪೈಪು ಮೂರು ಮಹಡಿಯ ಗಿಲಾವು ಕೆಡವುತ್ತದೆ. ಕಿಟಕಿಗೆ ಪ್ಲೈವುಡ್ ಹೊಡೆಯುವಾಗ ಗಾಳಿಕಿಂಡಿ ಬಿಡಿ. ಬಿಗಿಯಾಗಿ ಮುಚ್ಚಿದ ಕಟ್ಟಡದೊಳಗೆ ತೇವ ನಿಂತು ತೊಲೆಗಳಿಗೆ ಬೂಷ್ಟು ಹಿಡಿದರೆ, ಹೊರಗಿನಿಂದ ನೋಡುವವರಿಗೆ ಎಲ್ಲವೂ ಭದ್ರವಾಗಿಯೇ ಕಾಣುತ್ತಿರುತ್ತದೆ.